ಸೊಂಟದ ಡಿಸ್ಕ್ ಜಾರುವುದೇಕೆ?

ಕಣದಲ್ಲಿ ರಾಗಿ ಮೂಟೆ ಎತ್ತಲು ಬಗ್ಗಿದಾಗ ಸೊಂಟದಲ್ಲಿ ಚಳಕ್ಕೆಂದು ಹಿಡಿದುಕೊಳ್ಳುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ನೋವು ಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡ ಮತ್ತು ಪಾದಕ್ಕೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಸಿಡಿಲು ಹೊಡೆದಂತಾಗುತ್ತದೆ. ಎಲ್ಲರೂ ಆ ಮೂಟೆಯನ್ನು ದೂರುತ್ತಾರೆ. ಆದರೆ ಹೆಚ್ಚಿನವರಲ್ಲಿ ಮೂಟೆ ಕೊನೆಯ ನೆಪ ಮಾತ್ರ. ಡಿಸ್ಕ್ ಸವೆಯಲು ಅದಕ್ಕೆ ಎಷ್ಟೋ ವರ್ಷ ಮುಂಚೆಯೇ ಶುರುವಾಗಿರುತ್ತದೆ.

ಡಿಸ್ಕ್ ಎಂದರೇನು?

ಬೆನ್ನುಮೂಳೆಯು ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಮಣಿಗಳ ನಡುವೆ ಮೆತ್ತೆಯಂತಹ 23 ಬಿಲ್ಲೆಗಳಿವೆ. ಇವೇ ಡಿಸ್ಕ್‌ಗಳು. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಲೋಳೆಯಂತಹ ತಿರುಳು. ಡಿಸ್ಕ್ ನಿಜವಾಗಿ ಜಾರುವುದಿಲ್ಲ. ಉಂಗುರ ಸೀಳಿ, ತಿರುಳು ಹೊರಕ್ಕೆ ಉಬ್ಬಿ, ಪಕ್ಕದ ನರವನ್ನು ಒತ್ತುತ್ತದೆ. ಇದನ್ನು ಅಮೆರಿಕದ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ವಿವರಿಸಿದರು. ಸೊಂಟದಲ್ಲಿ ಹೀಗಾಗುವುದು ಬಹುಮಟ್ಟಿಗೆ ಕೊನೆಯ ಎರಡು ಡಿಸ್ಕ್‌ಗಳಲ್ಲಿ. ಮೈಭಾರವೂ ಬಗ್ಗುವ ಒತ್ತಡವೂ ಅಲ್ಲಿಯೇ ಹೆಚ್ಚು.

ಕಾರಣಗಳು

1. ವಯಸ್ಸು ಮತ್ತು ವಂಶ: ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಪಕ್ಕದ ಮೂಳೆಯಿಂದ ಒಸರುವ ಸಾರವೇ ಅದಕ್ಕೆ ಆಹಾರ. ವಯಸ್ಸಾದಂತೆ ನೀರಿನ ಅಂಶ ತಗ್ಗಿ ನಾರು ಬಿರುಕು ಬಿಡುತ್ತದೆ. 30ರಿಂದ 50 ವರ್ಷದವರಲ್ಲಿ ಈ ತೊಂದರೆ ಹೆಚ್ಚು. ಕೆಲವು ಮನೆತನಗಳಲ್ಲಿ ಇದು ಬೇಗ ಕಾಣಿಸುತ್ತದೆ. ಬೀಡಿ, ಸಿಗರೇಟು ಸೇದುವುದರಿಂದಲೂ ಅಪಾಯ ಏರುತ್ತದೆ.

2. ಬಗ್ಗಿ ಎತ್ತುವುದು: ಹಾರೆಯಿಂದ ಕಲ್ಲು ಮೀಟಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. 20 ಕಿಲೋ ಸಗಣಿ ಮಂಕರಿಯನ್ನು ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಕೇವಲ 5 ಸೆಂಟಿಮೀಟರ್ ಹಿಂದಿರುವ ಬೆನ್ನಿನ ಸ್ನಾಯುಗಳು ಸುಮಾರು 200 ಕಿಲೋ ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಡಿಸ್ಕಿನ ಮೇಲೆ ಬೀಳುತ್ತದೆ. ಮಂಕರಿಯನ್ನು ಮೈಗೆ ತಂದುಕೊಂಡು ದೂರ ಅರ್ಧವಾದರೆ ಎಳೆತವೂ ಅರ್ಧವಾಗುತ್ತದೆ. ಬಗ್ಗಿ ಸೊಂಟ ತಿರುಚುವುದು ಇನ್ನೂ ಕೆಟ್ಟದ್ದು.

3. ಬೆಳಗಿನ ಹೊತ್ತು: ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅದರ ಮೇಲೆ ಒತ್ತಡ ಹೆಚ್ಚು. ನಮ್ಮ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹೈನುಗಾರರು ಕೊಟ್ಟಿಗೆ ಬಾಚುವುದೂ ಹಾಲು ಕರೆಯುವುದೂ ಆ ಹೊತ್ತಿನಲ್ಲೇ.

4. ಕುಲುಕಾಟ: ಟ್ರ್ಯಾಕ್ಟರಿನ ಮೇಲೆ ಗಂಟೆಗಟ್ಟಲೆ ಕುಳಿತು ಹಿಂತಿರುಗಿ ನೇಗಿಲು ನೋಡುವುದರಿಂದಲೂ ಸೊಂಟ ದಣಿಯುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

ಎದ್ದ ಮೇಲೆ ಸ್ವಲ್ಪ ಹೊತ್ತು ಓಡಾಡಿ, ಆಮೇಲೆ ಬಗ್ಗುವ ಕೆಲಸ ಹಿಡಿಯಿರಿ. ಭಾರ ಎತ್ತುವಾಗ ಹತ್ತಿರ ನಿಂತು, ಮಂಡಿ ಮಡಿಸಿ, ಮೈಗೆ ಒತ್ತಿಕೊಂಡು ಎತ್ತಿ. ತಿರುಗಬೇಕಾದರೆ ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಿ. 40 ಲೀಟರಿನ ತುಂಬಿದ ಹಾಲಿನ ಕ್ಯಾನನ್ನು ಇಬ್ಬರು ಸೇರಿ ಎತ್ತಬೇಕು. ಯೂರಿಯಾ ಮೂಟೆ 2018ರಿಂದ 50ರ ಬದಲು 45 ಕಿಲೋ ಆಗಿದೆ. ಒಬ್ಬರ ಬೆನ್ನಿಗೆ ಅದೂ ಹೆಚ್ಚೇ. ರಾಗಿ ಕೊಯ್ಯುವಾಗ ಆಗಾಗ ನೆಟ್ಟಗೆ ನಿಂತು ಸೊಂಟ ಹಿಂದಕ್ಕೆ ಬಾಗಿಸಿ.

ನೋವು ಬಂದರೆ ಬೆನ್ನು ತುಳಿಸಬೇಡಿ, ಜಗ್ಗಿಸಬೇಡಿ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿಯೇ ಇರುವುದೂ ಬೇಡ, ಆದಷ್ಟು ನಡೆದಾಡಿ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ನೋವು ತಗ್ಗುತ್ತದೆ.

ಆದರೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಅಥವಾ ಕಾಲಿನ ಬಲ ಕುಂದಿದರೆ ಒಂದು ದಿನವೂ ಕಾಯಬಾರದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡ ಮಾಡಿದರೆ ನರಕ್ಕೆ ಆದ ಹಾನಿ ಶಾಶ್ವತವಾಗಬಹುದು.

ಎತ್ತಿನ ಹೆಗಲು ಹುಣ್ಣಾದರೆ ನೊಗ ಇಳಿಸುವ ರೈತನು ತನ್ನ ಸೊಂಟದ ಮೇಲೂ ಅಷ್ಟೇ ಕಾಳಜಿ ಇಡಬೇಕು.