ಟಿಬಿ ಮಾತ್ರೆ ಉಚಿತ, ಸರಿ. ಊಟಕ್ಕೆ ಯಾರು ಹೊಣೆ?

ನಮ್ಮ ವಠಾರದಲ್ಲಿ ನಾಲ್ಕು ಮನೆಗಳ ಕೆಲಸ ಮಾಡಿಕೊಂಡಿದ್ದ ಅಕ್ಕ ಒಬ್ಬರಿದ್ದಾರೆ. ಕಳೆದ ವರ್ಷ ಅವರಿಗೆ ಟಿಬಿ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎಲ್ಲ ಉಚಿತ. ಅದರಲ್ಲಿ ತಕರಾರಿಲ್ಲ. ಆದರೆ ಎರಡನೇ ವಾರಕ್ಕೇ ಅವರು ಹೇಳಿದ್ದು: “ಮಾತ್ರೆ ನುಂಗಿದ್ರೆ ಕೆಲಸಕ್ಕೆ ಹೋಗೋಕೆ ಆಗಲ್ಲ. ಕೆಲಸಕ್ಕೆ ಹೋಗ್ದಿದ್ರೆ ಊಟಕ್ಕಿಲ್ಲ. ಯಾವುದನ್ನ ಬಿಡ್ಲಿ ಹೇಳಿ?”

ಇದು ಅವರೊಬ್ಬರ ಗೋಳಲ್ಲ, ನಮ್ಮ ಆರೋಗ್ಯ ನೀತಿಯ ಪ್ರಶ್ನೆ.

ಟಿಬಿ ರೋಗಾಣು ಮೈಯೊಳಗೆ ಸೇರಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ದೇಹದ ರೋಗನಿರೋಧಕ ಶಕ್ತಿ ಅದನ್ನು ಅದುಮಿಟ್ಟಿರುತ್ತದೆ. ಆ ಶಕ್ತಿ ಕುಂದಿದಾಗ ಕಾಯಿಲೆ ತಲೆ ಎತ್ತುತ್ತದೆ. ನಮ್ಮ ದೇಶದಲ್ಲಿ ಅದು ಕುಂದಲು ದೊಡ್ಡ ಕಾರಣ ಅಪೌಷ್ಟಿಕತೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತದವರು ಅನ್ನೋದನ್ನ ಈ ಹಿನ್ನೆಲೆಯಲ್ಲೇ ನೋಡಬೇಕು.

ಇದಕ್ಕೆ ಗಟ್ಟಿ ಪುರಾವೆ ಕೊಟ್ಟವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದ್ದಾರೆ. ಅವರ ತಂಡ ಜಾರ್ಖಂಡ್‌ನಲ್ಲಿ 2,800 ರೋಗಿಗಳು ಮತ್ತು ಅವರ ಕುಟುಂಬದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಧ್ಯಯನ ನಡೆಸಿತು. ಎಲ್ಲ ರೋಗಿಗಳಿಗೂ ಆಹಾರದ ಕಿಟ್ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಮತ್ತು ಪೋಷಕಾಂಶದ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 40ರಷ್ಟು ತಗ್ಗಿತು. 2023ರಲ್ಲಿ ಇದು ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಹೊಸ ಲಸಿಕೆ ಅಲ್ಲ, ಅಕ್ಕಿ ಬೇಳೆ!

ಹಾಗಾದರೆ ಸರ್ಕಾರ ಏನು ಕೊಡುತ್ತಿದೆ? 2018ರಿಂದ ‘ನಿಕ್ಷಯ್ ಪೋಷಣ್’ ಯೋಜನೆಯಡಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಒಳ್ಳೆಯದೇ. ಆದರೆ ಲೆಕ್ಕ ಹಾಕಿ: ದಿನಕ್ಕೆ 33 ರೂಪಾಯಿ. ಅರ್ಧ ಲೀಟರ್ ಹಾಲು, ಒಂದು ಮೊಟ್ಟೆಗೆ ಮುಗೀತು. ಹೋದ ಕೂಲಿಯ ಮಾತೇ ಇಲ್ಲ.

ಮನೆಯವರ ಕತೆ? ಅವರಿಗೆ ಆಹಾರದ ಕಿಟ್ ಕೊಡುವುದನ್ನು ‘ನಿಕ್ಷಯ್ ಮಿತ್ರ’ರಿಗೆ, ಅಂದ್ರೆ ದಾನಿಗಳಿಗೆ ಬಿಡಲಾಗಿದೆ. ದಾನಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಹಕ್ಕಾಗಬೇಕಿದ್ದದ್ದು ಧರ್ಮವಾಗಿದೆ.

ಕೂಲಿ ನಷ್ಟ ತುಂಬಿಕೊಡಲು ಆಗೋದೇ ಇಲ್ಲ ಅನ್ನುವವರು ಇಎಸ್‌ಐ ನಿಯಮ ನೋಡಲಿ. ವಂತಿಗೆಯ ಷರತ್ತು ಪೂರೈಸಿದ ಕಾರ್ಮಿಕರಿಗೆ ಟಿಬಿಯಂಥ ದೀರ್ಘ ಕಾಯಿಲೆ ಬಂದರೆ ಕೂಲಿಯ ಶೇ 80ರಷ್ಟು ಸಿಗುತ್ತದೆ. ಅಂದರೆ ದಾರಿ ಗೊತ್ತಿದೆ. ಆ ದಾರಿಯಲ್ಲಿ ಮನೆಗೆಲಸದವರಿಗೆ, ತಳ್ಳುಗಾಡಿಯವರಿಗೆ ಜಾಗವಿಲ್ಲ ಅಷ್ಟೇ.

ನಮ್ಮ ಅಕ್ಕನಿಗೆ ಆ ಸಾವಿರ ರೂಪಾಯಿಯೂ ಮೂರು ತಿಂಗಳು ಬರಲಿಲ್ಲ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂದರು. ನಾನೇ ಎರಡು ಸಲ ಅವರ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅಷ್ಟರಲ್ಲಿ ಅವರು ಎರಡು ಮನೆ ಕೆಲಸಕ್ಕೆ ಮರಳಿದ್ದರು, ಕೆಮ್ಮುತ್ತಲೇ.

2025ರೊಳಗೆ ಟಿಬಿ ಮುಕ್ತ ಭಾರತ ಅಂತ 2018ರಲ್ಲಿ ಪ್ರಧಾನಿ ಘೋಷಿಸಿದ್ದರು. ಆ ಗಡುವು ತಪ್ಪಿದೆ. ಮುಂದಿನ ಗಡುವಿನ ಬಗ್ಗೆ ಭಾಷಣ ಕೇಳುವಾಗ ನಾವು ಮೂರು ಪ್ರಶ್ನೆ ಕೇಳೋಣ: ರೋಗಿಯ ಇಡೀ ಮನೆಗೆ ರೇಷನ್ ಅಂಗಡಿಯಲ್ಲೇ ಬೇಳೆ ಸೇರಿಸಿ ಕೊಡ್ತೀರಾ? ಹೋದ ಕೂಲಿಗೆ ಏನು ಕೊಡ್ತೀರಾ? ಮೊದಲ ಮಾತ್ರೆಯ ದಿನವೇ ಮೊದಲ ಕಂತು ಕೈಗೆ ಸಿಗುತ್ತಾ?