ಬೇಚಿರಾಕ್ ಊರಿನ ವೀರನಿಗೆ ದಾರಿ

ಊರ ಪೂರ್ವಕ್ಕೆ ಇಂಥವರ ಹೊಲದಲ್ಲಿ ನೆಟ್ಟ ಕಲ್ಲು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೇ ಸಂಪುಟದಲ್ಲಿ ಕೋಲಾರ ಜಿಲ್ಲೆಯ ವೀರಗಲ್ಲುಗಳ ವಿಳಾಸ ಇರುವುದು ಈ ಧಾಟಿಯಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ಸಂಖ್ಯೆಯನ್ನೂ ಕೊಟ್ಟಿದ್ದಾರೆ. ಅಲ್ಲಿಂದೀಚೆಗೆ ಹೊಲಗಳು ಕೈಬದಲಾಗಿವೆ, ರಾಗಿ ಇದ್ದಲ್ಲಿ ಟೊಮೆಟೊ, ನೀಲಗಿರಿ ಬಂದಿವೆ. ಆ ‘ಇಂಥವರು’ ಯಾರೆಂದು ಹೇಳುವವರು ಊರಲ್ಲಿಲ್ಲ.

ಕುವಲಾಲ ಎಂದು ಹೆಸರಾಗಿದ್ದ ಕೋಲಾರ ಗಂಗರ ರಾಜಧಾನಿ. ಸುತ್ತ ಬಾಣರು, ನೊಳಂಬರು. ಅಂಥ ಸೀಮೆಯಲ್ಲಿ ತುರುಗಾಳಗ ತಪ್ಪುತ್ತಿರಲಿಲ್ಲ. ವೀರಗಲ್ಲಿನ ಕೆಳಗೆ ಮೂಳೆ ಇರಲೇಬೇಕೆಂದಿಲ್ಲ. ಆದರೂ ದನ ಬಿಡಿಸಲು ಹೋಗಿ ಸತ್ತವನಿಗೆ ಊರು ಕೊಟ್ಟ ಗೋರಿ ಅದೇ.

ಹುಡುಕಾಟ ಶುರುವಾಗಬೇಕಾದದ್ದು ಕಂದಾಯ ಇಲಾಖೆಯ ಗ್ರಾಮ ನಕಾಶೆಯಿಂದ. ಕೆರೆ, ಗುಂಡುತೋಪು, ಬಂಡಿದಾರಿ, ಸರ್ವೆ ನಂಬರಿನ ಗಡಿ ಎಲ್ಲ ಅದರಲ್ಲಿರುತ್ತವೆ. ಜನ ಬಿಟ್ಟುಹೋದ ಊರೂ ದಾಖಲೆಯಲ್ಲಿ ‘ಬೇಚಿರಾಕ್’ ಎಂದು ಉಳಿದಿರುತ್ತದೆ. ಬೇಚಿರಾಕ್ ಅಂದರೆ ದೀಪವಿಲ್ಲದ್ದು. ದೀಪ ಆರಿದ ಊರಿನ ಹೆಸರನ್ನೂ ಗಡಿಯನ್ನೂ ಆ ಕಾಗದ ಕಾಪಾಡಿಕೊಂಡಿದೆ ಎಂಬುದು ನನಗೆ ಪ್ರತಿಸಲವೂ ಬೆರಗು. ಹೊಲಕ್ಕಿಳಿದು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಕೊನೆಯ ನೂರು ಹೆಜ್ಜೆಗೆ ಮಾತ್ರ ಕುರಿ ಕಾಯುವವರೇ ಗತಿ. “ಕೆರೆ ಕಟ್ಟೆ ಕೆಳಗೈತೆ ಸ್ವಾಮಿ, ಹಬ್ಬಕ್ಕೆ ಪೂಜೆ ಮಾಡ್ತೀವಿ” ಅಂತ ಕೈ ತೋರಿಸುತ್ತಾರೆ.

ದೊರೆಗಳ ಗೋರಿಯ ಕತೆ ಬೇರೆ. ಹೈದರಾಲಿ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡಾಗ ದೇಹವನ್ನು ಮೊದಲು ತಂದಿಟ್ಟದ್ದು ಕೋಲಾರಕ್ಕೆ, ತಂದೆ ಫತೇ ಮುಹಮ್ಮದರ ಗೋರಿ ಇರುವಲ್ಲಿಗೆ. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಿದರು. ದೊರೆಯ ಗೋರಿ ಎಲ್ಲಿಗೆ ಹೋದರೂ ಚರಿತ್ರೆ ಬರೆದಿಡುತ್ತದೆ. ಹೊಲದ ವೀರನ ಕಲ್ಲನ್ನು ಯಾರೋ ಕಿತ್ತು ಮೋರಿಗೆ ಹಾಸಿದರೆ, ಅವನು ಯಾವ ಊರಿಗಾಗಿ ಸತ್ತ ಎಂಬುದೇ ಅಳಿಸಿಹೋಗುತ್ತದೆ.

ಹಾಗೆ ಅಳಿಯದೆ ಉಳಿದದ್ದೂ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಕಿತ್ತಯ್ಯ ಎಂಬ ವೀರನ ಕಲ್ಲು ಸುಮಾರು ಕ್ರಿ.ಶ. 750ರದು. 2021ರಿಂದ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಅವು ಇರುವ ಜಾಗವನ್ನೂ ದಾಖಲಿಸುತ್ತಿದೆ. ಕೋಲಾರದ ಹೊಲಹೊಲಕ್ಕೂ ಈ ಕೆಲಸ ಬರಬೇಕು. ರೈಸ್ ಕೊಟ್ಟ ಸಂಖ್ಯೆ, ಸರ್ವೆ ನಂಬರು, ಅಕ್ಷಾಂಶ-ರೇಖಾಂಶ, ನಾಲ್ಕು ದಿಕ್ಕಿನ ಫೋಟೊ: ಇಷ್ಟನ್ನು ಶಾಲೆಯ ಮಕ್ಕಳೂ ಬರೆದಿಡಬಲ್ಲರು.

ಕಲ್ಲು ಸಿಕ್ಕಿದರೆ ಕತ್ತಲಾಗುವವರೆಗೆ ಕಾಯಿರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಪಟ್ಟಿಗಳ ನಡುವಿನ ಬರಹಕ್ಕೆ ಎಣ್ಣೆ, ಅರಿಸಿನ ಮೆತ್ತಿಕೊಂಡು ಹಗಲಿನಲ್ಲಿ ಏನೂ ಕಾಣುವುದಿಲ್ಲ. ಉಜ್ಜಬೇಡಿ. ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಅಡ್ಡಲಾಗಿ ಬೆಳಕು ಬಿಡಿ. ಅಕ್ಷರದ ಗುಳಿಯಲ್ಲಿ ನೆರಳು ತುಂಬಿ, ಹೆಸರು ಒಂದೊಂದೇ ಅಕ್ಷರವಾಗಿ ಏಳುತ್ತದೆ.