ಗುಳ್ಳೆ ನಿಂತರೂ ಬಾಟಲಿಗೆ ತುಂಬಬೇಡಿ

ಮನೆಯಲ್ಲಿ ಬಿಯರ್ ಮಾಡೋದು ಅಂಥ ಕಷ್ಟದ ಕೆಲಸ ಅಲ್ಲ. ಇಡ್ಲಿ ಹಿಟ್ಟು ಉಬ್ಬಿಸೋಕೆ ಬರುವವರಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತೆ. ಕಷ್ಟ ಇರೋದು ಒಂದೇ ಕಡೆ: ಬಾಟಲಿಗೆ ಯಾವಾಗ ತುಂಬಬೇಕು ಅಂತ ತೀರ್ಮಾನಿಸೋದು. ಇಡ್ಲಿ ಹಿಟ್ಟಿನ ಅಂದಾಜು ತಪ್ಪಿದರೆ ಪಾತ್ರೆ ಉಕ್ಕುತ್ತೆ, ಕಟ್ಟೆ ಒರೆಸಿದರಾಯಿತು. ಇಲ್ಲಿ ಅಂದಾಜು ತಪ್ಪಿದರೆ ಗಾಜು ಸಿಡಿಯುತ್ತೆ.

ನಾನು ಕೆಲಸದ ಮೇಲೆ ಮ್ಯೂನಿಕ್‌ಗೆ ಬಂದು ಮೂರು ವರ್ಷ ಆಯಿತು. ಜರ್ಮನಿಯಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಬಹುದು. 2024ರಿಂದ ವರ್ಷಕ್ಕೆ 500 ಲೀಟರ್‌ವರೆಗೆ ತೆರಿಗೆ ಇಲ್ಲ, ಆದರೆ ಮಾರುವ ಹಾಗಿಲ್ಲ. ಬವೇರಿಯಾದಲ್ಲಿ ಇದ್ದುಕೊಂಡು ಮೊದಲ ಪ್ರಯತ್ನಕ್ಕೆ ಗೋಧಿ ಬಿಯರ್ ಬಿಟ್ಟು ಬೇರೆ ಯಾವುದನ್ನು ಆರಿಸೋದು?

ಈ ಗೋಧಿ ಬಿಯರ್‌ಗೆ ಇಲ್ಲಿ ದೊಡ್ಡ ಚರಿತ್ರೆಯೇ ಇದೆ. 1516ರಲ್ಲಿ ಬವೇರಿಯಾದ ದೊರೆಗಳು ಹೊರಡಿಸಿದ ಆಜ್ಞೆಯ ಪ್ರಕಾರ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಇವು ಮೂರೇ. ಗೋಧಿ ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಗೋಧಿ ಬಿಯರ್ ಮಾಡುವ ಹಕ್ಕು ದೊರೆಮನೆತನದ ಸೊತ್ತಾಯಿತು. 1872ರಲ್ಲಿ ಗೇಯೋರ್ಗ್ ಷ್ನೈಡರ್ ಎಂಬ ಬ್ರೂವರ್ ಆ ಹಕ್ಕನ್ನು ಪಡೆದುಕೊಂಡ. ಆ ಮೂರರ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಹೆಸರು ಯೀಸ್ಟ್. ಆದರೆ ಗೋಧಿ ಬಿಯರ್‌ನ ಬಾಳೆಹಣ್ಣು, ಲವಂಗದ ಪರಿಮಳ ಬರೋದೇ ಅದರಿಂದ. ಬಾಳೆಹಣ್ಣನ್ನಾಗಲೀ ಲವಂಗವನ್ನಾಗಲೀ ಯಾರೂ ಹಾಕಿರುವುದಿಲ್ಲ.

ಬಕೆಟ್‌ನಲ್ಲಿ ಏನಾಗುತ್ತೆ?

ರಾಗಿ ಮಾಲ್ಟ್‌ಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತೇವಲ್ಲ, ಹಾಗೆಯೇ ಗೋಧಿ ಮತ್ತು ಬಾರ್ಲಿಯನ್ನೂ ಮೊಳಕೆ ಬರಿಸಿ ಒಣಗಿಸುತ್ತಾರೆ. ಹೊಸಬರಿಗೆ ಅದರ ಸಾರ ಜೇನಿನ ಥರ ಗಟ್ಟಿಯಾಗಿ ಡಬ್ಬದಲ್ಲಿ ಸಿಗುತ್ತೆ. ಅದನ್ನು ನೀರಿನಲ್ಲಿ ಕರಗಿಸಿ, ಕಹಿಗೆ ಸ್ವಲ್ಪ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿದೆ. 20 ಡಿಗ್ರಿಗೆ ತಣಿಸಿ, ಚೊಕ್ಕಟ ಮಾಡಿದ ಬಕೆಟ್‌ಗೆ ಸುರಿದು ಯೀಸ್ಟ್ ಉದುರಿಸಿದೆ. ಕುದಿಸಿದ ಮೇಲೆ ಅದನ್ನು ಮುಟ್ಟುವ ಪ್ರತಿ ವಸ್ತುವನ್ನೂ ಸ್ಯಾನಿಟೈಸ್ ಮಾಡಲೇಬೇಕು, ಚಮಚ ಕೂಡ.

ಮಾರನೇ ದಿನ ಏರ್‌ಲಾಕ್‌ನಲ್ಲಿ ಗುಳುಗುಳು ಶುರು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಬಕೆಟ್ ತುಂಬಾ ತುಂಬಿಲ್ಲ ತಾನೇ? ಉಬ್ಬೋಕೆ ಜಾಗ ಬಿಟ್ಟಿದ್ದೀಯಾ?" ಅಂತ ಕೇಳಿದರು. ಕುಡಿಯುವ ವಿಚಾರ ಅವರಿಗೆ ಅಷ್ಟಾಗಿ ಇಷ್ಟ ಇಲ್ಲ. ಆದರೆ ಉಬ್ಬುವ ಯಾವುದನ್ನು ಕಂಡರೂ ಸಲಹೆ ಕೊಡದೆ ಇರೋಕಾಗಲ್ಲ.

ಆರನೇ ದಿನ ಗುಳ್ಳೆ ನಿಂತಿತು. ಆಗ ಅಣ್ಣ ನನ್ನ ಮನೆಯಲ್ಲೇ ಇದ್ದ. ಅವನು ಬೆಂಗಳೂರಿಗೆ ಹೊರಡೋಕೆ ಇನ್ನು ಹದಿನಾಲ್ಕು ದಿನ. ಬಾಟಲಿಯಲ್ಲಿ ಗ್ಯಾಸ್ ಕಟ್ಟೋಕೆ ಎರಡು ವಾರ ಬೇಕು. ಲೆಕ್ಕ ಸರಿಯಾಗಿ ಕೂಡಿಬಂದಿತ್ತು.

"ಗುಳ್ಳೆ ನಿಂತಿದೆಯಲ್ಲೋ, ಇನ್ನೇನು ಕಾಯ್ತೀಯ? ಇವತ್ತೇ ತುಂಬಿಬಿಡು" ಅಂದ.

ನಾಲ್ಕು ಗೆರೆಯ ಲೆಕ್ಕ

ನಮ್ಮ ಕೆಲಸದಲ್ಲಿ ಲಾಗ್ ಬರೋದು ನಿಂತ ಮಾತ್ರಕ್ಕೆ ಪ್ರೋಸೆಸ್ ಮುಗಿದಿದೆ ಅಂತ ಯಾರೂ ಹೇಳಲ್ಲ. ಇಲ್ಲೂ ಹಾಗೇ. ಮುಚ್ಚಳದ ಸಂದಿಯಿಂದ ಗ್ಯಾಸ್ ಸೋರುತ್ತಿರಬಹುದು, ರಾತ್ರಿ ಚಳಿಗೆ ಯೀಸ್ಟ್ ನಿಧಾನ ಆಗಿರಬಹುದು. ಸಕ್ಕರೆ ಎಷ್ಟು ಉಳಿದಿದೆ ಅಂತ ಹೇಳೋಕೆ ಗುಳ್ಳೆಗೆ ಬರಲ್ಲ. ಅದು ಹೈಡ್ರೋಮೀಟರ್ ಕೆಲಸ. ದ್ರವದಲ್ಲಿ ಸಕ್ಕರೆ ಹೆಚ್ಚಿದ್ದರೆ ಆ ಗಾಜಿನ ಕಡ್ಡಿ ಮೇಲೆ ತೇಲುತ್ತೆ, ಕಡಿಮೆ ಇದ್ದರೆ ಇಳಿಯುತ್ತೆ.

ಯೀಸ್ಟ್ ಹಾಕಿದ ದಿನ ಅದು 1.050 ತೋರಿಸಿತ್ತು. ಆರನೇ ದಿನ 1.016. ನಾನು ಬಳಸಿದ ಯೀಸ್ಟ್ ಸಾಮಾನ್ಯವಾಗಿ 1.012ರ ಆಸುಪಾಸಿಗೆ ಇಳಿಸುತ್ತೆ. ಅಂದ್ರೆ ಇನ್ನೂ ನಾಲ್ಕು ಗೆರೆ ಬಾಕಿ.

ನಾಲ್ಕು ಗೆರೆ ತಾನೇ ಅನ್ನಿಸಬಹುದು. ಲೆಕ್ಕ ನೋಡಿ. ಬಾಟಲಿಯಲ್ಲಿ ಗ್ಯಾಸ್ ಬರಲಿ ಅಂತ ನಾವೇ ಬೇಕಂತ ಲೀಟರ್‌ಗೆ ಸುಮಾರು 9 ಗ್ರಾಂ ಸಕ್ಕರೆ ಸೇರಿಸುತ್ತೇವೆ. ಯೀಸ್ಟ್ ಅದನ್ನು ತಿಂದು ಸುಮಾರು ನಾಲ್ಕೂವರೆ ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಬಾಕಿ ಇದ್ದ ಆ ನಾಲ್ಕು ಗೆರೆಯೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆಗೆ ಸಮ! ಅವತ್ತು ತುಂಬಿದ್ದರೆ, ನಾನು ಲೆಕ್ಕ ಹಾಕಿದ್ದರ ಎರಡರಷ್ಟು ಹೊಸ ಗ್ಯಾಸ್ ಮುಚ್ಚಿದ ಬಾಟಲಿಯೊಳಗೆ ಹುಟ್ಟುತ್ತಿತ್ತು. ನನ್ನ ಹತ್ತಿರ ಇದ್ದದ್ದು ಎಷ್ಟು ಸಲ ಬಳಸಿದ್ದೋ ಗೊತ್ತಿಲ್ಲದ ಹಳೇ ಬಾಟಲಿಗಳು. ಯಾವುದರಲ್ಲಿ ಕೂದಲೆಳೆ ಬಿರುಕಿದೆಯೋ ಯಾರಿಗೆ ಗೊತ್ತು?

ಅವನ್ನು ಇಡೋ ಜಾಗ ನಮ್ಮ ಅಪಾರ್ಟ್‌ಮೆಂಟ್‌ನ ನೆಲಮಾಳಿಗೆ. ಒಬ್ಬೊಬ್ಬರ ಗೂಡಿಗೂ ಮಧ್ಯೆ ಬರೀ ಮರದ ಪಟ್ಟಿ. ನನ್ನ ಗೂಡಿನ ಪಕ್ಕದಲ್ಲೇ ಪಕ್ಕದ ಮನೆ ಮಕ್ಕಳು ಸೈಕಲ್ ನಿಲ್ಲಿಸುತ್ತಾರೆ. ಅಣ್ಣನ ಟಿಕೆಟ್ ನೋಡಿಕೊಂಡು ತೀರ್ಮಾನ ಮಾಡೋ ವಿಷಯ ಅಲ್ಲ ಇದು.

ಒಂಬತ್ತನೇ ದಿನ 1.012. ಹನ್ನೊಂದನೇ ದಿನವೂ 1.012. ಎರಡು ದಿನದ ಅಂತರದಲ್ಲಿ ಎರಡು ಸಲ ಒಂದೇ ಅಂಕಿ, ಅದೂ ಯೀಸ್ಟ್ ಎಲ್ಲಿಗೆ ಇಳಿಸಬೇಕೋ ಅಲ್ಲಿಗೇ ಬಂದಿದ್ದರೆ ಮುಗೀತು ಅಂತ ಅರ್ಥ. ಆಲ್ಕೋಹಾಲ್ ಸುಮಾರು 5 ಶೇಕಡಾ.

ತುಂಬುವ ದಿನ

ತಳದ ಗಷ್ಟು ಬಿಟ್ಟು 18 ಲೀಟರ್ ಸಿಕ್ಕಿತು. 162 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ತಣಿಸಿ, ಎಲ್ಲಕ್ಕೂ ಸಮನಾಗಿ ಬೆರೆಯುವ ಹಾಗೆ ಮೆಲ್ಲಗೆ ಕದಡಿದೆ. ಜೋರಾಗಿ ಕಲಕಿದರೆ ಗಾಳಿ ಸೇರಿ ರುಚಿ ಕೆಡುತ್ತೆ. ಅರ್ಧ ಲೀಟರ್ ಬಾಟಲಿಗಳಲ್ಲಿ ಕತ್ತಿನ ಹತ್ತಿರ ಮೂರು ಸೆಂಟಿಮೀಟರ್ ಜಾಗ ಬಿಟ್ಟು, ಅಣ್ಣ ಹಿಡಿದುಕೊಂಡ, ನಾನು ಮುಚ್ಚಳ ಒತ್ತಿದೆ. ಒಂದನ್ನು ಮಾತ್ರ ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬಿದ್ದು. ಅದನ್ನು ಒತ್ತಿ ನೋಡಿದರೆ ಉಳಿದವುಗಳಲ್ಲಿ ಗ್ಯಾಸ್ ಎಷ್ಟು ಕಟ್ಟಿದೆ ಅಂತ ಅಂದಾಜು ಸಿಗುತ್ತೆ. ಎಲ್ಲವನ್ನೂ ಮುಚ್ಚಳ ಇರುವ ಗಟ್ಟಿ ಪೆಟ್ಟಿಗೆಗಳಲ್ಲೇ ಇಟ್ಟೆ.

ಅಣ್ಣ ಹೊರಟಾಗ ಬಾಟಲಿಗಳಿಗೆ ಇನ್ನೂ ಎಂಟೇ ದಿನ. ಅವನು ಕುಡಿದದ್ದು ಅಳತೆಗೆ ತೆಗೆದ ಗ್ಯಾಸ್ ಇಲ್ಲದ ಒಂದು ಗುಟುಕು ಮಾತ್ರ. "ಬಾಳೆಹಣ್ಣಿನ ವಾಸನೆ ಇದೆ ಕಣೋ" ಅಂದ. ಆರು ದಿನ ಬಿಟ್ಟು ನಾನು ಮೊದಲ ಬಾಟಲಿ ತೆರೆದೆ. ಉದ್ದನೆಯ ಗ್ಲಾಸ್‌ನಲ್ಲಿ ಬೆಳ್ಳಗೆ ದಪ್ಪ ನೊರೆ ನಿಂತಿತು. ಫೋಟೋ ಕಳಿಸಿದೆ. ಬೈಗುಳ ವಾಪಸ್ ಬಂತು.

ಕರ್ನಾಟಕದಲ್ಲಿರುವ ಗೆಳೆಯರೇ, ದಯವಿಟ್ಟು ಇದನ್ನು ಓದಿ ಬಕೆಟ್ ತರಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಆದರೆ ಈಗ ಎಷ್ಟೋ ಮನೆಗಳಲ್ಲಿ ಕೊಂಬುಚಾ, ಶುಂಠಿ ಸೋಡಾ ಮಾಡಿ ಗಾಜಿನ ಬಾಟಲಿಗೆ ತುಂಬಿಡುತ್ತಾರೆ. ಅಲ್ಲೂ ಸಕ್ಕರೆ, ಯೀಸ್ಟ್, ಬಿಗಿ ಮುಚ್ಚಳ ಮೂರೂ ಇರುತ್ತವೆ. ನಮ್ಮ ಬೇಸಿಗೆಯಲ್ಲಂತೂ ಹುದುಗುವ ವೇಗ ಇನ್ನೂ ಜಾಸ್ತಿ. ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಜೊತೆಗೆ ತುಂಬಿಡಿ, ದಿನಾ ಒತ್ತಿ ನೋಡಿ. ಗಟ್ಟಿಯಾದ ತಕ್ಷಣ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿ.